ಹೆದ್ದಾರಿಯ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಕಾರಣ ಹುಡುಕುವ ಬಗೆ

ಗಂಟೆಗೆ 60 ಕಿ.ಮೀ.ವರೆಗೆ ಯಾವ ತೊಂದರೆಯೂ ಇಲ್ಲದೆ ಓಡುವ ಕಾರು, 80 ದಾಟುತ್ತಿದ್ದಂತೆ ಸ್ಟೇರಿಂಗ್ ಹಿಡಿದ ಕೈಗಳಿಗೆ ಸಣ್ಣ ನಡುಕವನ್ನು ಮುಟ್ಟಿಸತೊಡಗುತ್ತದೆ. 90ರ ಹತ್ತಿರ ನಡುಕ ಜೋರಾಗುತ್ತದೆ, ಇನ್ನೂ ಮೇಲೆ ಹೋದರೆ ಕೆಲವೊಮ್ಮೆ ತಾನಾಗಿ ತಗ್ಗುತ್ತದೆ. ಉತ್ತರ ಕನ್ನಡದಲ್ಲಿ ಈ ದೋಷ ಬೇಗ ಬಯಲಾಗದಿರುವುದಕ್ಕೆ ನಮ್ಮ ರಸ್ತೆಗಳೇ ಕಾರಣ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತಿರುವಿನ ದಾರಿಯಲ್ಲಿ ಆ ವೇಗ ಸಿಗುವುದೇ ಅಪರೂಪವಾದ್ದರಿಂದ, ತಿಂಗಳುಗಟ್ಟಲೆ ಇದ್ದ ದೋಷವೂ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿದು ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥಕ್ಕೆ ಬಂದ ದಿನವೇ ಮೊದಲ ಸಲ ಕೈಗೆ ತಾಗುತ್ತದೆ. ಘಟ್ಟ ಇಳಿಯುವಾಗ ಕಾರಿಗೆ ಏನೋ ಆಯಿತೆಂದು ಮಾಲೀಕರು ತಿಳಿದುಕೊಳ್ಳುತ್ತಾರೆ. ಬಹಳ ಸಲ ಘಟ್ಟಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಸುತ್ತಲಿನವರು ಕೊಡುವ ಮೊದಲ ಸಲಹೆ ‘ಅಲೈನ್‌ಮೆಂಟ್ ಮಾಡಿಸಿ’, ಅಂದರೆ ಚಕ್ರಗಳ ಕೋನ ಸರಿಪಡಿಸಿ, ಎಂಬುದು. ಅಲೈನ್‌ಮೆಂಟ್ ಆಗುತ್ತದೆ, ಹಣ ಖರ್ಚಾಗುತ್ತದೆ, ನಡುಕ ಹಾಗೆಯೇ ಉಳಿಯುತ್ತದೆ. ಆಮೇಲೆ ಟೈರು, ಬ್ರೇಕ್ ಡಿಸ್ಕ್, ಲೋವರ್ ಆರ್ಮ್ (ಚಕ್ರವನ್ನು ಕಾರಿಗೆ ಹಿಡಿದಿಡುವ ಕೆಳಗಿನ ತೋಳು) ಎಂದು ಒಂದೊಂದೇ ಭಾಗ ಬದಲಾಗುತ್ತ ಹೋಗುತ್ತದೆ. ಇದರ ಬದಲು, ನಡುಕ ಯಾವ ವೇಗದಲ್ಲಿ ಬರುತ್ತದೆ, ದೇಹದ ಯಾವ ಭಾಗಕ್ಕೆ ತಾಗುತ್ತದೆ, ಚಾಲಕ ಏನು ಮಾಡಿದರೆ ಅದು ಬದಲಾಗುತ್ತದೆ ಎಂಬ ಮೂರು ಸಂಗತಿಗಳನ್ನು ಮೊದಲೇ ಗುರುತಿಸಿಕೊಂಡರೆ, ಯಾವ ಭಾಗವನ್ನೂ ಬಿಚ್ಚದೆಯೇ ಅನುಮಾನದ ವ್ಯಾಪ್ತಿ ಬಹಳಷ್ಟು ಕಿರಿದಾಗುತ್ತದೆ. ಅನಂತರ ಖರ್ಚಿಲ್ಲದ ತಪಾಸಣೆಯಿಂದ ಆರಂಭಿಸಿ ಖರ್ಚಿನ ಕಡೆಗೆ ಹೋಗಬೇಕು, ತಿರುಗುಮುರುಗಾಗಿ ಅಲ್ಲ.

ನಡುಕಕ್ಕೂ ವೇಗಕ್ಕೂ ಇರುವ ನಂಟನ್ನು ಒಂದು ಲೆಕ್ಕದಿಂದ ಅರಿಯಬಹುದು. 15 ಇಂಚಿನ ರಿಮ್ಮಿಗೆ ಹಾಕುವ 185/65 ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ 13 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನ ಒಂದು ಬದಿಯಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೂ ಆ ವೇಗದಲ್ಲಿ ಅದು ಸುಮಾರು ಎರಡೂವರೆ ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಸೆಳೆಯುತ್ತದೆ, ಆ ಸೆಳೆತದ ದಿಕ್ಕು ಸೆಕೆಂಡಿಗೆ 13 ಸಲ ಸುತ್ತು ಬರುತ್ತದೆ. ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 45 ಕಿ.ಮೀ. ವೇಗದಲ್ಲಿ ಅದು ಇದರ ಕಾಲುಭಾಗ ಮಾತ್ರ. ಇದರ ಜೊತೆಗೆ ಸಸ್ಪೆನ್ಷನ್ ಮತ್ತು ಸ್ಟೇರಿಂಗಿನ ಜೋಡಣೆಗೆ ತನ್ನದೇ ಆದ ಸಹಜ ಕಂಪನವಿರುತ್ತದೆ. ಚಕ್ರದ ಸುತ್ತು ಆ ಕಂಪನಕ್ಕೆ ಹೊಂದಿಕೊಂಡಾಗ ನಡುಕ ಶಿಖರ ಮುಟ್ಟುತ್ತದೆ, ಅದನ್ನು ದಾಟಿದ ಮೇಲೆ ಇಳಿಯುತ್ತದೆ. 80ರಿಂದ 110ರ ನಡುವೆ ಬಂದು ಆಮೇಲೆ ತಗ್ಗುವ ನಡುಕ ಬಹುಪಾಲು ಚಕ್ರದ ತೂಕದ ದೋಷವೇ ಆಗಿರುವುದು ಈ ಕಾರಣದಿಂದ.

ಮೊದಲು ಅಂಗಳದಲ್ಲಿ

ರಸ್ತೆಗೆ ಇಳಿಯುವ ಮುನ್ನ ನೋಡಲೇಬೇಕಾದದ್ದು ಚಕ್ರದ ನಟ್ಟುಗಳನ್ನು. ಪಂಕ್ಚರ್ ಹಾಕಿಸಿದ ಮೇಲೆ, ಟೈರು ಬದಲಿಸಿದ ಮೇಲೆ, ಬ್ರೇಕ್ ಕೆಲಸ ಮಾಡಿಸಿದ ಮೇಲೆ ಒಮ್ಮೆಲೇ ನಡುಕ ಶುರುವಾಗಿದ್ದರೆ ಇನ್ನೊಂದು ಕಿಲೋಮೀಟರ್ ಕೂಡ ಓಡಿಸದೆ ನಟ್ಟುಗಳನ್ನು ಪರೀಕ್ಷಿಸಬೇಕು. ಇವುಗಳನ್ನು ಒಂದರ ಪಕ್ಕದ ಇನ್ನೊಂದು ಎಂದು ಸುತ್ತಿನಲ್ಲಿ ಬಿಗಿಯದೆ, ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು. ಸಣ್ಣ ಕಾರುಗಳಲ್ಲಿ ಬಿಗಿತದ ಅಳತೆ ಸಾಮಾನ್ಯವಾಗಿ 80ರಿಂದ 120 ನ್ಯೂಟನ್ ಮೀಟರಿನೊಳಗೆ ಇರುತ್ತದೆ. ನಿಮ್ಮ ಕಾರಿನ ನಿಖರ ಅಂಕಿ ಕೈಪಿಡಿಯಲ್ಲಿ ಸಿಗುತ್ತದೆ. ಏರ್ ಗನ್ನಿನಿಂದ ಬಡಿದು ಬಿಗಿದ ನಟ್ಟು ಒಂದು ಕಡೆ ಅತಿ ಬಿಗಿಯಾಗಿಯೂ ಇನ್ನೊಂದು ಕಡೆ ಸಡಿಲವಾಗಿಯೂ ಇರಬಹುದಾದ್ದರಿಂದ ಕೊನೆಯ ಬಿಗಿತಕ್ಕೆ ಟಾರ್ಕ್ ವ್ರೆಂಚ್ ಬಳಸುವಂತೆ ಕೇಳುವುದು ಅತಿಯಾದ ಶಿಸ್ತೇನಲ್ಲ.

ಎರಡನೆಯದು ಕೆಸರು. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಟೇರಿಂಗ್ ನಡುಗಿದರೆ ನಾನು ಮೊದಲು ಸಂಶಯಪಡುವುದು ಇದನ್ನೇ. ತೋಟದ ದಾರಿಯ ಕೆಂಪು ಮಣ್ಣು ರಿಮ್ಮಿನ ಒಳಬದಿಯ ಬಟ್ಟಲಿನೊಳಗೆ ಸೇರಿಕೊಳ್ಳುತ್ತದೆ, ರಾತ್ರಿ ಕಾರು ನಿಂತಾಗ ಕೆಳಗೆ ಇಳಿದು ಒಂದೇ ಕಡೆ ಗಟ್ಟಿಯಾಗುತ್ತದೆ. ಮರುದಿನ ಹೆದ್ದಾರಿಗೆ ಬಂದಾಗ ಆ ಚಕ್ರಕ್ಕೆ ಒಂದೇ ಬದಿಯಲ್ಲಿ ನೂರಾರು ಗ್ರಾಂ ಮಣ್ಣು ಅಂಟಿರುತ್ತದೆ. ಹೊರಗಿನಿಂದ ನೋಡಿದರೆ ರಿಮ್ಮು ತೊಳೆದಿಟ್ಟಂತೆಯೇ ಕಾಣುವುದರಿಂದ ಬಗ್ಗಿ, ಟಾರ್ಚ್ ಹಿಡಿದು, ಕಡ್ಡಿಗಳ ಸಂದಿಯಿಂದ ಒಳಗೆ ನೋಡಬೇಕು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಮುಂದಿನ ಚಕ್ರದ ಹಿಂಬದಿಗೆ ಕೈ ಸುಲಭವಾಗಿ ಹೋಗುತ್ತದೆ. ಮಣ್ಣನ್ನು ಮರದ ಚೂರಿನಿಂದ ಕೆರೆದು ನೀರು ಹಾಯಿಸಿ ತೊಳೆದರೆ ಸಾಕು. ಮಳೆಗಾಲದಲ್ಲಿ ಈ ಕೆಲಸ ಮಾಡದೆ ಬ್ಯಾಲೆನ್ಸಿಂಗ್ (ಸಣ್ಣ ತೂಕಗಳನ್ನು ಸೇರಿಸಿ ಚಕ್ರದ ಭಾರ ಸಮಗೊಳಿಸುವುದು) ಮಾಡಿಸಿದರೆ ಮಣ್ಣಿನ ಸಮೇತ ತೂಕ ಸರಿದೂಗಿಸಿದಂತಾಗುತ್ತದೆ. ಮುಂದೆ ಮಣ್ಣು ಉದುರಿದ ದಿನ ನಡುಕ ಮರಳುತ್ತದೆ.

ಮೂರನೆಯದು ಟೈರು. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಕಂಬದ ಮೇಲಿರುವ ಚೀಟಿಯ ಪ್ರಕಾರ ಸರಿಪಡಿಸಿಕೊಂಡು, ಆಮೇಲೆ ಪ್ರತಿ ಟೈರಿನ ಎರಡೂ ಕೆನ್ನೆಗಳ ಮೇಲೆ ಅಂಗೈ ಆಡಿಸಬೇಕು. ಎಲ್ಲಾದರೂ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ ಎಂದರ್ಥ, ಆ ಟೈರನ್ನು ಮತ್ತೆ ಹೆದ್ದಾರಿಗೆ ಒಯ್ಯಬಾರದು. ರಸ್ತೆಗೆ ತಾಗುವ ಮೇಲ್ಮೈಯಲ್ಲಿ ಒಂದು ಕಡೆ ಮಾತ್ರ ಎತ್ತರವಾಗಿದ್ದರೆ, ಅಥವಾ ಅಲ್ಲಿನ ಗೆರೆಗಳು ಸೊಟ್ಟಗೆ ಹರಿದಿದ್ದರೆ ಒಳಗಿನ ಉಕ್ಕಿನ ಪಟ್ಟಿ ಬಿಡುತ್ತಿದೆ ಎಂದು ತಿಳಿಯಬೇಕು. ಇಂಥ ಟೈರು 20–40 ಕಿ.ಮೀ. ವೇಗದಲ್ಲೇ ಸ್ಟೇರಿಂಗನ್ನು ನಿಧಾನವಾಗಿ ಎಡಬಲಕ್ಕೆ ತೂಗಾಡಿಸುತ್ತದೆ, ಬರೀ ತೂಕದ ದೋಷ ಹಾಗೆ ಮಾಡುವುದಿಲ್ಲ. ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟೈರಿನ ಬಗ್ಗೆ ಚರ್ಚೆಯೇ ಬೇಡ. ತಯಾರಾದ ಕಾಲವನ್ನು ಕೆನ್ನೆಯ ಮೇಲಿನ ನಾಲ್ಕು ಅಂಕಿಗಳು ಹೇಳುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದ್ದು.

ಊರಿನ ಮನೆಯಲ್ಲಿ ಕಾರು ನಿಲ್ಲಿಸಿ ಮುಂಬೈಗೋ ಬೆಂಗಳೂರಿಗೋ ಹೋಗಿ ವಾರಗಟ್ಟಲೆ ಬಿಟ್ಟು ಬರುವವರಿಗೆ ಇನ್ನೊಂದು ಮಾತು. ನಿಂತಲ್ಲೇ ನಿಂತ ಟೈರು ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗಿರುತ್ತದೆ. ಗಾಳಿ ಸರಿಪಡಿಸಿ 15–20 ಕಿ.ಮೀ. ಓಡಿಸಿದ ಮೇಲೆ, ಟೈರು ಬಿಸಿಯಾಗಿ, ಈ ನಡುಕ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಮಾತ್ರ ಮುಂದಿನ ತಪಾಸಣೆ.

ರಸ್ತೆಯ ಮೇಲಿನ ಪರೀಕ್ಷೆ

ಪರೀಕ್ಷೆಗೆ ಡಾಂಬರು ಅಥವಾ ಕಾಂಕ್ರೀಟು ನುಣುಪಾಗಿರುವ, ಎದುರು ವಾಹನ ಬಾರದ, ನೇರವಾದ ಜಾಗ ಬೇಕು. ಅಂಕೋಲಾ ಮತ್ತು ಕುಮಟಾ ನಡುವೆ ಇಂಥ ತುಂಡುಗಳು ಸಿಗುತ್ತವೆ. ಕಾರವಾರದಿಂದ ಬಿಣಗಾ ಕಡೆಗಿನ ಸುರಂಗದ ಆಸುಪಾಸು, ಊರುಗಳ ಸರ್ವಿಸ್ ರಸ್ತೆ ಸೇರುವ ಜಾಗಗಳು, ದನಗಳು ವಿಭಜಕದ ಹುಲ್ಲಿಗೆ ಬರುವ ಕಡೆಗಳು ಇದಕ್ಕೆ ತಕ್ಕವಲ್ಲ. ಮಳೆಯಿಲ್ಲದ ದಿನ, ಬೆಳಗಿನ ಹೊತ್ತು ಒಳ್ಳೆಯದು. ವಿಭಜಕವಿರುವ ಚತುಷ್ಪಥದಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ.; ಸ್ಥಳದ ಫಲಕ ಅದಕ್ಕಿಂತ ಕಡಿಮೆ ಹೇಳಿದರೆ ಫಲಕದ ಮಾತೇ ಮಾತು. ಪರೀಕ್ಷೆಗೆ ಇದಕ್ಕಿಂತ ಹೆಚ್ಚಿನ ವೇಗದ ಅಗತ್ಯವೂ ಇಲ್ಲ. ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳಲಿ, ಚಾಲಕನ ಎರಡೂ ಕೈ ಸ್ಟೇರಿಂಗಿನ ಮೇಲೆ ಹಗುರವಾಗಿರಲಿ. ಗಟ್ಟಿಯಾಗಿ ಹಿಡಿದರೆ ಸಣ್ಣ ನಡುಕ ಗೊತ್ತಾಗುವುದಿಲ್ಲ.

60ರಿಂದ ಆರಂಭಿಸಿ ಹತ್ತು ಹತ್ತು ಕಿ.ಮೀ. ಏರಿಸುತ್ತ, ಪ್ರತಿ ವೇಗದಲ್ಲಿ ಸ್ವಲ್ಪ ಹೊತ್ತು ಸ್ಥಿರವಾಗಿ ಓಡಿಸಿ, ನಡುಕ ಶುರುವಾದ ವೇಗ, ಶಿಖರ ಮುಟ್ಟಿದ ವೇಗ, ತಗ್ಗಿದ ವೇಗ ಮೂರನ್ನೂ ಬರೆಸಿಕೊಳ್ಳಬೇಕು. ಅದರ ಜೊತೆಗೇ ನಡುಕ ಎಲ್ಲಿ ತಾಗುತ್ತದೆ ಎಂಬುದನ್ನೂ ಗಮನಿಸಬೇಕು. ಸ್ಟೇರಿಂಗ್ ಎಡಬಲಕ್ಕೆ ಅದುರುತ್ತಿದ್ದರೆ ದೋಷ ಮುಂದಿನ ಚಕ್ರಗಳಲ್ಲಿದೆ. ಸ್ಟೇರಿಂಗ್ ಹೆಚ್ಚುಕಡಿಮೆ ಶಾಂತವಾಗಿದ್ದು ಸೀಟು, ನೆಲ, ಬೆನ್ನಿಗೆ ತಾಗಿದರೆ ಹಿಂದಿನ ಚಕ್ರಗಳ ಮೇಲೆ ಅನುಮಾನ. ಹಿಂದಿನ ಸೀಟಿನಲ್ಲಿ ಒಬ್ಬರಿದ್ದರೆ ಅವರ ಅನುಭವವನ್ನೂ ಕೇಳಿ.

ಮುಂದಿನದು ಎಂಜಿನ್ನನ್ನು ಬೇರ್ಪಡಿಸುವ ಪರೀಕ್ಷೆ. ನಡುಕ ಜೋರಾಗಿರುವ ವೇಗದಲ್ಲಿ ಐದನೆಯ ಗೇರಿನಲ್ಲಿ ಓಡಿಸಿ, ಅದೇ ವೇಗದಲ್ಲಿ ನಾಲ್ಕನೆಯದಕ್ಕೆ ಬನ್ನಿ. ಎಂಜಿನ್ನಿನ ಸುತ್ತು ಹೆಚ್ಚಾದರೂ ನಡುಕ ಅಷ್ಟೇ ಇದ್ದರೆ ಅದು ಚಕ್ರದ ವೇಗವನ್ನು ಹಿಂಬಾಲಿಸುತ್ತಿದೆ, ಎಂಜಿನ್ನಿನದ್ದಲ್ಲ. ಮ್ಯಾನುಯಲ್ ಗೇರಿನ ಕಾರಿನಲ್ಲಿ, ಹಿಂದೆ ಯಾರೂ ಇಲ್ಲದಾಗ, ಕ್ಲಚ್ ಒತ್ತಿ ಕೆಲವು ಕ್ಷಣ ನ್ಯೂಟ್ರಲ್‌ನಲ್ಲಿ ಬಿಟ್ಟು ನೋಡಿದರೆ ಇನ್ನೂ ಖಚಿತವಾಗುತ್ತದೆ. ಆದರೆ ಓಡುವ ಕಾರಿನ ಎಂಜಿನ್ನನ್ನು ಎಂದಿಗೂ ಆಫ್ ಮಾಡಬಾರದು: ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಬೂಸ್ಟರ್ ಬಲ ಕಳೆದುಕೊಳ್ಳುತ್ತದೆ, ಕೀಲಿ ಪೂರ್ತಿ ತಿರುಗಿದರೆ ಸ್ಟೇರಿಂಗ್ ಲಾಕ್ ಆಗುವ ಅಪಾಯವೂ ಇದೆ. ಆಟೋಮ್ಯಾಟಿಕ್ ಕಾರಿನವರಿಗೆ ಆಕ್ಸಿಲರೇಟರ್‌ನಿಂದ ಕಾಲೆತ್ತಿ ನೋಡುವುದೇ ಸಾಕು. ಕಾರು ನಿಂತಿದ್ದಾಗಲೇ ಎಂಜಿನ್ನಿನ ಸುತ್ತು ಏರಿಸಿದರೆ ನಡುಕ ಬರುವಂತಿದ್ದರೆ ಎಂಜಿನ್ನನ್ನು ಹೊತ್ತು ನಿಲ್ಲುವ ಮೌಂಟುಗಳನ್ನು ನೋಡಿಸಬೇಕು. ಚಕ್ರಗಳ ಗೋಜಿಗೆ ಹೋಗಬೇಕಾಗಿಲ್ಲ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಾರಿನ ಮುಂಭಾಗ ಅದುರಿ, ಕಾಲು ಎತ್ತಿದ ಕೂಡಲೇ ನಿಂತರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ದಂಡದ, ಅಂದರೆ ಎಕ್ಸೆಲಿನ, ಒಳಗಿನ ಜಾಯಿಂಟು ಸವೆದಿರುವ ಸಂಭವವಿದೆ. ದೂರದಲ್ಲಿ ವಿಮಾನ ಹಾರಿದಂಥ ಗುಂಯ್ ಎನ್ನುವ ಸದ್ದು ವೇಗದೊಂದಿಗೆ ಏರುತ್ತಿದ್ದು, ಉದ್ದನೆಯ ಎಡ ತಿರುವಿನಲ್ಲಿ ಹೆಚ್ಚಾಗಿ ಬಲ ತಿರುವಿನಲ್ಲಿ ತಗ್ಗಿದರೆ ಬಲಗಡೆಯ ಚಕ್ರದ ಬೇರಿಂಗ್ ಹೋಗುತ್ತಿದೆ. ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಡೆಗೆ ಬೀಳುತ್ತದೆ. ಬ್ರೇಕ್ ಪರೀಕ್ಷೆಗೆ ಟೋಲ್‌ಗೇಟಿನ ಮುಂಚಿನ ಜಾಗ ಅನುಕೂಲ, ಏಕೆಂದರೆ ಹಟ್ಟಿಕೇರಿಯಲ್ಲಾಗಲಿ ಹೊಳೆಗದ್ದೆಯಲ್ಲಾಗಲಿ ಹೇಗೂ ವೇಗ ಇಳಿಸಲೇಬೇಕು. ಹಿಂದಿನ ವಾಹನ ದೂರವಿರುವುದನ್ನು ಕನ್ನಡಿಯಲ್ಲಿ ನೋಡಿಕೊಂಡು, ಸಾಕಷ್ಟು ಮೊದಲೇ, 90ರಿಂದ 40ಕ್ಕೆ ಹದವಾಗಿ ಬ್ರೇಕ್ ಒತ್ತಿ ಬನ್ನಿ. ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿ ಪೆಡಲ್ ಕಾಲಿಗೆ ತಟ್ಟಿದರೆ ದೋಷ ಡಿಸ್ಕಿನದ್ದು, ಬ್ಯಾಲೆನ್ಸಿಂಗಿನದ್ದಲ್ಲ.

ಅನುಮಾನ ಚಕ್ರದ ಮೇಲೆ ಬಂದಾಗ

ಗೇರು, ಬ್ರೇಕು, ಆಕ್ಸಿಲರೇಟರ್ ಯಾವುದಕ್ಕೂ ಬದಲಾಗದೆ ವೇಗಕ್ಕೆ ಮಾತ್ರ ಸ್ಪಂದಿಸುವ ನಡುಕವಾಗಿದ್ದರೆ ಚಕ್ರಗಳನ್ನು ಹತ್ತಿರದಿಂದ ನೋಡಬೇಕು. ಕಬ್ಬಿಣದ ರಿಮ್ಮಿಗೆ ಅಂಚಿನಲ್ಲಿ ಸಿಕ್ಕಿಸುವ ತೂಕ, ಅಲಾಯ್ ರಿಮ್ಮಿಗೆ ಒಳಬದಿಗೆ ಅಂಟಿಸುವ ತೂಕ ಹಾಕಿರುತ್ತಾರೆ. ಅಂಟಿಸಿದ ತೂಕ ಉದುರಿದ್ದರೆ ರಿಮ್ಮಿನ ಒಳಗೆ, ಸುತ್ತ ಧೂಳು ಮೆತ್ತಿಕೊಂಡ ನಡುವೆ, ಬೆರಳಗಲದ ಒಂದು ಆಯತ ಮಾತ್ರ ಬೆಳ್ಳಗೆ ಉಳಿದಿರುತ್ತದೆ, ಮುಟ್ಟಿದರೆ ಅಂಟಿನ ಜಿಗುಟು ಸಿಗುತ್ತದೆ. ಒದ್ದೆ ರಿಮ್ಮನ್ನು ಒರೆಸದೆ ಅಂಟಿಸಿದ ತೂಕ ಮಳೆಗಾಲದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ವಾಟರ್ ಸರ್ವಿಸ್‌ನ ಜೋರು ನೀರಿಗೂ ಅದು ಹಾರಿಹೋಗಬಹುದು. ಆದ್ದರಿಂದ ಕಾರು ತೊಳೆಸಿದ ಮರುದಿನ ನಡುಕ ಬಂದಿದ್ದರೆ ಮೊದಲು ಇದನ್ನೇ ನೋಡಿ.

ರಿಮ್ಮು ಬಾಗಿದೆಯೇ ಎಂದು ನೋಡಲು ಕಾರನ್ನು ಜ್ಯಾಕಿನಿಂದ ಎತ್ತಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡೆ ಇಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಮುಂದಿನ ಒಂದು ಚಕ್ರವನ್ನು ನೆಲದಿಂದ ಬಿಡಿಸಿ. ಜ್ಯಾಕೊಂದನ್ನೇ ನಂಬಬಾರದು, ಸ್ಟ್ಯಾಂಡ್ ಇರಬೇಕು. ನಮ್ಮ ಕಡೆ ಮನೆಯಂಗಳದಲ್ಲಿ ಸುಲಭವಾಗಿ ಸಿಗುವ ಚಿರೆಕಲ್ಲನ್ನು ಕಾರಿನಡಿಗೆ ಆಸರೆಯಾಗಿ ಇಡುವ ರೂಢಿಯಿದೆ. ಅದು ರಂಧ್ರಗಳಿಂದ ಕೂಡಿದ ಕಲ್ಲು, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಚಕ್ರಕ್ಕೆ ಅಡೆಯಾಗಿ ಇಡಲು ಅಡ್ಡಿಯಿಲ್ಲ, ಕಾರು ಹೊರಲು ಖಂಡಿತ ಬೇಡ. ಈಗ ಒಂದು ಪೆನ್ಸಿಲನ್ನೋ ತಂತಿಯನ್ನೋ ಅಲುಗಾಡದ ಆಧಾರದ ಮೇಲಿಟ್ಟು ಅದರ ತುದಿಯನ್ನು ರಿಮ್ಮಿನ ಅಂಚಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿ, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಅಂತರ ಹೆಚ್ಚುಕಡಿಮೆ ಆಗದೆ ಉಳಿದರೆ ರಿಮ್ಮು ನೆಟ್ಟಗಿದೆ. ಒಂದು ಕಡೆ ಪೆನ್ಸಿಲಿಗೆ ತಾಗಿ ಎದುರುಬದಿಯಲ್ಲಿ ಒಂದು ಮಿ.ಮೀ.ಗಿಂತ ಹೆಚ್ಚು ದೂರ ಸರಿದರೆ ಅದು ಪರಿಣತರು ನೋಡಬೇಕಾದ ರಿಮ್ಮು. ಇದೇ ರೀತಿ ತುದಿಯನ್ನು ಟೈರಿನ ನೆತ್ತಿಯ ಹತ್ತಿರ ಹಿಡಿದು ತಿರುಗಿಸಿದರೆ ಟೈರು ದುಂಡಗಿದೆಯೇ ಎಂಬುದೂ ಗೊತ್ತಾಗುತ್ತದೆ. ಒಳಬದಿಯ ಅಂಚನ್ನು ಮರೆಯಬಾರದು, ಹೊಂಡಕ್ಕೆ ಬಿದ್ದಾಗ ಮೊದಲು ಬಾಗುವುದು ಹಲವು ಸಲ ಅದೇ. ಕಬ್ಬಿಣದ ರಿಮ್ಮನ್ನು ನೆಟ್ಟಗೆ ಮಾಡಿಸಬಹುದು. ಅಲಾಯ್ ರಿಮ್ಮಿನಲ್ಲಿ ಬಿರುಕು ಕಂಡರೆ ಬೆಸುಗೆ ಹಾಕಿಸಿ ಓಡಿಸುವುದು ನನಗೆ ಒಪ್ಪಿಗೆಯಿಲ್ಲದ ಉಳಿತಾಯ.

ಚಕ್ರ ಬಿಚ್ಚಿದಾಗ ಕರಾವಳಿಯವರು ನೋಡಲೇಬೇಕಾದ ಇನ್ನೊಂದು ಜಾಗ, ಚಕ್ರವನ್ನು ಕೂರಿಸಿ ನಟ್ಟು ಬಿಗಿಯುವ ಹಬ್ಬಿನ ಮುಖ. ಕಾರವಾರದಂಥ ಕಡಲ ತಡಿಯ ಊರಿನಲ್ಲಿ ಉಪ್ಪುಗಾಳಿಗೆ ಈ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಪದರಪದರವಾಗಿ ಎದ್ದು ನಿಲ್ಲುತ್ತದೆ. ಅದರ ಮೇಲೆ ಚಕ್ರ ಕೂರಿಸಿ ನಟ್ಟು ಬಿಗಿದರೆ ಒಂದು ಬದಿ ಒತ್ತಿ ಕೂತು ಇನ್ನೊಂದು ಬದಿ ಕೂದಲಷ್ಟು ಎದ್ದಿರುತ್ತದೆ, ಹಬ್ಬಿನ ಬಳಿ ಕೂದಲಷ್ಟಿದ್ದದ್ದು ಟೈರಿನ ಅಂಚಿನಲ್ಲಿ ಹಲವು ಪಟ್ಟಾಗುತ್ತದೆ. ಬ್ಯಾಲೆನ್ಸಿಂಗ್ ಯಂತ್ರಕ್ಕೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅಲ್ಲಿ ಚಕ್ರ ಕೂರುವುದು ಯಂತ್ರದ ಶುಭ್ರವಾದ ದಂಡದ ಮೇಲೆ. ಯಂತ್ರ ಸೊನ್ನೆ ತೋರಿಸಿದರೂ ಕಾರಿನಲ್ಲಿ ನಡುಕ ಉಳಿಯುವ ಒಗಟಿಗೆ ನಮ್ಮ ಭಾಗದಲ್ಲಿ ಇದೊಂದು ಸಾಮಾನ್ಯ ಉತ್ತರ. ತಂತಿ ಬ್ರಷ್‌ನಿಂದ ಹಬ್ಬಿನ ಮುಖವನ್ನೂ ರಿಮ್ಮಿನ ಹಿಂಬದಿಯಲ್ಲಿ ಅದಕ್ಕೆ ತಾಗುವ ಜಾಗವನ್ನೂ ಲೋಹ ಕಾಣುವವರೆಗೆ ಉಜ್ಜಿ ಒರೆಸಬೇಕು. ನಟ್ಟಿನ ಮರೆಗಳಿಗೆ ಗ್ರೀಸ್ ಬಳಿಯಬೇಡಿ, ಬಿಗಿತದ ಅಳತೆ ತಪ್ಪುತ್ತದೆ. ಹೊರಗಿನಿಂದ ತಂದು ಹಾಕಿಸಿದ ಅಲಾಯ್ ಆಗಿದ್ದರೆ ಅದರ ನಡುವಿನ ತೂತು ಹಬ್ಬಿಗಿಂತ ದೊಡ್ಡದಿದೆಯೇ ಎಂದು ನೋಡಿ. ದೊಡ್ಡದಿದ್ದರೆ ಆ ಅಂತರ ತುಂಬಲು ಸರಿಯಾದ ಅಳತೆಯ ಬಳೆ, ಅಂದರೆ ಹಬ್ ರಿಂಗ್, ಬೇಕು.

ಇಷ್ಟೆಲ್ಲ ನೋಡಿಯೂ ಯಾವ ಚಕ್ರ ಎಂದು ತಿಳಿಯದಿದ್ದರೆ ಮುಂದಿನ ಎರಡನ್ನು ಹಿಂದಕ್ಕೂ ಹಿಂದಿನ ಎರಡನ್ನು ಮುಂದಕ್ಕೂ ಬದಲಿಸಿ ಅದೇ ರಸ್ತೆಯಲ್ಲಿ ಓಡಿಸಿ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಹೋದರೆ ದೋಷ ಚಕ್ರದ ಜೊತೆ ಹಿಂದಕ್ಕೆ ಹೋಯಿತು. ಅಲ್ಲಾಡದೆ ಸ್ಟೇರಿಂಗಿನಲ್ಲೇ ಉಳಿದರೆ ಹಬ್ಬು, ಬೇರಿಂಗ್, ಜಾಯಿಂಟುಗಳ ಕಡೆ ನೋಡಬೇಕು. ಒಂದೇ ದಿಕ್ಕಿಗೆ ತಿರುಗಬೇಕಾದ ಟೈರುಗಳನ್ನು ಎಡಬಲ ಅದಲುಬದಲು ಮಾಡಬಾರದು. ಸ್ಟೆಪ್ನಿ ಬಳಸಿ ಪರೀಕ್ಷಿಸುವುದಾದರೆ ಅದು ಅದೇ ಅಳತೆಯದ್ದೇ ಎಂದು ನೋಡಿಕೊಳ್ಳಿ. ಸಣ್ಣ ಸ್ಟೆಪ್ನಿಯ ಮೇಲೆ 80 ಕಿ.ಮೀ. ಮಿತಿಯ ಚೀಟಿ ಅಂಟಿಸಿದ್ದರೆ ಅದರಲ್ಲಿ ಈ ಪರೀಕ್ಷೆ ಮಾಡುವಂತಿಲ್ಲ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಚಹಾ ಕುಡಿಯಲು ಹೋಗದೆ ಯಂತ್ರದ ಪಕ್ಕದಲ್ಲೇ ನಿಲ್ಲುವುದು ಲೇಸು. ಹಳೆಯ ತೂಕಗಳನ್ನೆಲ್ಲ ಕಿತ್ತು, ರಿಮ್ಮನ್ನು ಒರೆಸಿ, ನಡುವಿನ ತೂತಿನ ಮಣ್ಣು ತೆಗೆದ ಮೇಲೆಯೇ ಚಕ್ರವನ್ನು ದಂಡಕ್ಕೆ ಏರಿಸಬೇಕು. ಪರದೆಯಲ್ಲಿ ಒಳಬದಿ ಮತ್ತು ಹೊರಬದಿಗೆ ಎರಡು ಬೇರೆ ಅಂಕಿಗಳು ಬರುತ್ತವೆ. ತೂಕ ಹಾಕಿದೊಡನೆ ಚಕ್ರ ಇಳಿಸಲು ಹೊರಟರೆ ‘ಅಣ್ಣಾ, ಇನ್ನೊಂದು ಸಲ ತಿರುಗಿಸಿ ತೋರಿಸಿ’ ಎಂದು ಕೇಳಿ. ಎರಡೂ ಕಡೆ ಸೊನ್ನೆ ಬರಬೇಕು. ಸಡಿಲಿಸಿ, ಅರ್ಧ ಸುತ್ತು ಸರಿಸಿ ಮತ್ತೆ ಕೂರಿಸಿದಾಗಲೂ ಸೊನ್ನೆಯ ಹತ್ತಿರವೇ ಇದ್ದರೆ ಚಕ್ರ ಸರಿಯಾಗಿ ನಡುವಿನಲ್ಲಿ ಕೂತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಹಳ ಹೆಚ್ಚು ತೂಕ ಬೇಡಿದರೆ, ಸಾಲುಗಟ್ಟಿ ತೂಕ ಅಂಟಿಸಿ ಮುಗಿಸಲು ಬಿಡಬೇಡಿ. ಗಾಳಿ ಬಿಟ್ಟು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಸಿ, ಎರಡರ ಭಾರದ ಬದಿಗಳು ಒಂದೇ ಕಡೆ ಬಂದಿದ್ದರೆ ಹಾಗೆ ಮಾಡಿದಾಗ ಅಂಕಿ ಇಳಿಯುತ್ತದೆ. ಯಂತ್ರದ ಮೇಲೆ ತಿರುಗುವಾಗ ಟೈರಿನ ನೆತ್ತಿ ಮೇಲೆಕೆಳಗೆ ಕುಣಿಯುತ್ತಿದೆಯೇ ಎಂದು ಪಕ್ಕದಿಂದ ನೋಡಿ. ತೂಕ ಸರಿದೂಗಿದ ಮಾತ್ರಕ್ಕೆ ದುಂಡಗಿಲ್ಲದ ಟೈರು ದುಂಡಗಾಗುವುದಿಲ್ಲ.

ಡಿಸ್ಕ್, ಜಾಯಿಂಟುಗಳು ಮತ್ತು ಉಳಿದವು

ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕಕ್ಕೆ ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಹೇಳುವುದು ವಾಡಿಕೆ. ನಿಜದಲ್ಲಿ ಹೆಚ್ಚಿನ ಸಲ ಆಗಿರುವುದು ದಪ್ಪದಲ್ಲಿ ವ್ಯತ್ಯಾಸ, ಅದೂ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು. ಅಷ್ಟು ಸಾಕು, ಸ್ಟೇರಿಂಗ್ ನಡುಗಲು. ಮಳೆಯಲ್ಲಿ ಓಡಿಸಿ ಬಂದು ವಾರಗಟ್ಟಲೆ ನಿಲ್ಲಿಸಿದ ಕಾರಿನ ಡಿಸ್ಕನ್ನು ನೋಡಿದರೆ ಪ್ಯಾಡ್ ಒತ್ತಿಕೊಂಡಿದ್ದ ಜಾಗದ ಆಕಾರದಲ್ಲೇ ಒಂದು ಕಪ್ಪು ಕಲೆ, ಅದರ ಸುತ್ತ ತುಕ್ಕಿನ ಗೆರೆ ಕಾಣುತ್ತದೆ. ತೆಳುವಾದ ತುಕ್ಕು ನಾಲ್ಕಾರು ಸಲ ಬ್ರೇಕ್ ಹಾಕುವುದರೊಳಗೆ ಉಜ್ಜಿ ಹೋಗುತ್ತದೆ, ಆಳಕ್ಕೆ ತಿಂದ ಕಲೆ ಹೋಗುವುದಿಲ್ಲ. ಘಟ್ಟವನ್ನು ಎತ್ತರದ ಗೇರಿನಲ್ಲಿ, ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದು, ಕೆಳಗೆ ಬಂದು ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಲ್ಲಿಸುವುದೂ ಇಂಥ ಕಲೆಗೆ ಕಾರಣವಾಗುತ್ತದೆ. ಡಿಸ್ಕನ್ನು ಲೇತ್‌ಗೆ ಕೊಡುವ ಮೊದಲು ಅದರ ಮೇಲೆಯೇ ಅಚ್ಚೊತ್ತಿರುವ ಕನಿಷ್ಠ ದಪ್ಪವನ್ನು ನೋಡಿ. ಕೆತ್ತಿದ ಮೇಲೆ ಅದಕ್ಕಿಂತ ತೆಳುವಾಗುವಂತಿದ್ದರೆ ಎರಡೂ ಬದಿಯ ಡಿಸ್ಕ್ ಬದಲಿಸುವುದೊಂದೇ ದಾರಿ. ಹೊಸ ಡಿಸ್ಕ್ ಕೂರಿಸುವಾಗಲೂ ಹಬ್ಬಿನ ತುಕ್ಕು ಉಜ್ಜದಿದ್ದರೆ ಕೆಲವು ಸಾವಿರ ಕಿ.ಮೀ.ಗಳಲ್ಲಿ ಅದೇ ದೂರು ಮರಳುತ್ತದೆ.

ಜಾಯಿಂಟುಗಳ ಪ್ಲೇ, ಅಂದರೆ ಸಡಿಲ, ನೋಡಲು ಚಕ್ರವನ್ನು ಎತ್ತಿದ ಸ್ಥಿತಿಯಲ್ಲಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಹೊರಗೆ ಅಲುಗಾಡಿಸಿ. ಟಕ್ ಎಂದು ಅಲುಗಿದರೆ, ಒಳಗೆ ಕುಳಿತ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಾಡಿಸಿ: ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್. 9 ಮತ್ತು 3ರ ಜಾಗದಲ್ಲಿ ಹಿಡಿದಾಗ ಮಾತ್ರ ಅಲುಗಿದರೆ ಟೈರಾಡ್ (ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ತುದಿ ಅಥವಾ ಸ್ಟೇರಿಂಗ್ ರ‍್ಯಾಕ್. ಲೋವರ್ ಆರ್ಮಿನ ರಬ್ಬರ್ ಬುಷ್ ಸೀಳಿದ್ದರೆ ಕಣ್ಣಿಗೇ ಕಾಣುತ್ತದೆ. ಇಲ್ಲಿ ಒಂದು ವಿಷಯ ನೆನಪಿಡಬೇಕು: ಸಡಿಲವಾದ ಜಾಯಿಂಟು ತಾನಾಗಿ ನಡುಕವನ್ನು ಹುಟ್ಟಿಸುವುದು ಕಡಿಮೆ. ಚಕ್ರದ ಸಣ್ಣ ದೋಷವನ್ನು ಅದು ದೊಡ್ಡದಾಗಿ ಕೈಗೆ ತಲುಪಿಸುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿದ ಸ್ವಲ್ಪ ದಿನಕ್ಕೆ ಮತ್ತೆ ಮತ್ತೆ ನಡುಗುವ ಹಳೆಯ ಕಾರುಗಳಲ್ಲಿ ಹೀಗೆ ಎರಡೂ ಸೇರಿರುವುದುಂಟು.

ಎಕ್ಸೆಲಿನ ರಬ್ಬರ್ ಬೂಟು ಹರಿದಿದ್ದರೆ ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸ್ ಚಿಮ್ಮಿರುತ್ತದೆ. ಬೇಗ ಕಂಡರೆ ಬೂಟು ಬದಲಿಸಿ ಗ್ರೀಸ್ ತುಂಬಿದರೆ ಮುಗಿಯಿತು, ಕೆಂಪು ಮಣ್ಣು ಒಳಗೆ ಸೇರಿದ ಮೇಲೆ ಜಾಯಿಂಟೇ ಹೋಗುತ್ತದೆ. ಬೊಲೆರೊದಂಥ ಹಿಂಚಕ್ರ ಚಾಲನೆಯ ಗಾಡಿಗಳಲ್ಲಿ ನಡುಕ ನೆಲದ ನಡುಭಾಗಕ್ಕೆ ತಾಗಿದರೆ ಬಲವನ್ನು ಹಿಂಚಕ್ರಗಳ ಕಡೆಗೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಮತ್ತು ಅದರ ಕೀಲುಗಳಾದ ಕ್ರಾಸ್‌ಗಳನ್ನು ನೋಡಿಸಿ.

ಅಲೈನ್‌ಮೆಂಟಿನ ಪಾಲು ಇಷ್ಟು: ಕಾರು ಒಂದು ಕಡೆಗೆ ಎಳೆಯುವುದು, ನೇರ ರಸ್ತೆಯಲ್ಲೂ ಸ್ಟೇರಿಂಗ್ ಸೊಟ್ಟಗಿರುವುದು, ಟೈರಿನ ಒಂದು ಅಂಚು ಮಾತ್ರ ಸವೆಯುವುದು. ನೇರವಾಗಿ ಅದು ನಡುಕ ತರುವುದಿಲ್ಲ. ಬಹುಕಾಲ ಬಿಟ್ಟರೆ ಟೈರು ಏರುಪೇರಾಗಿ ಸವೆದು, ಆ ಸವೆತದಿಂದ ನಡುಕ ಬರಬಹುದು. ಟೈರಾಡ್ ಅಥವಾ ಲೋವರ್ ಆರ್ಮ್ ಬದಲಿಸಿದ ಮೇಲೆ ಮಾತ್ರ ಅಲೈನ್‌ಮೆಂಟ್ ತಪ್ಪಿಸುವಂತಿಲ್ಲ.

ಟೈರಿನಲ್ಲಿ ಗುಳ್ಳೆ, ಸಡಿಲವಾದ ನಟ್ಟು, ಕೈಗೆ ಸಿಗುವ ಬಾಲ್ ಜಾಯಿಂಟಿನ ಪ್ಲೇ, ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ನಡುಕ ಇವುಗಳಲ್ಲಿ ಯಾವುದು ಕಂಡರೂ ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜು ಮುಟ್ಟುವ ಯೋಚನೆ ಬಿಟ್ಟು ಮೆಕ್ಯಾನಿಕನ್ನು ಕಾರಿನ ಬಳಿಗೆ ಕರೆಸಬೇಕು. ಉಳಿದ ಸಂದರ್ಭಗಳಲ್ಲಿ ಗ್ಯಾರೇಜಿನಲ್ಲಿ ‘ಸ್ಟೇರಿಂಗ್ ಶೇಕ್ ಆಗ್ತದೆ’ ಎಂದಷ್ಟೇ ಹೇಳದೆ, ‘85ಕ್ಕೆ ಶುರುವಾಗಿ 95ಕ್ಕೆ ಜೋರಾಗುತ್ತದೆ, ಗೇರು ಬದಲಿಸಿದರೂ ಅಷ್ಟೇ ಇರುತ್ತದೆ, ಬ್ರೇಕ್ ಹಾಕಿದರೆ ಹೆಚ್ಚಾಗುವುದಿಲ್ಲ’ ಎಂದು ಬರೆದುಕೊಂಡದ್ದನ್ನು ಹೇಳಿ. ಸಾಧ್ಯವಾದರೆ ಮೆಕ್ಯಾನಿಕನ್ನೇ ಕೂರಿಸಿಕೊಂಡು ಒಂದು ಸುತ್ತು ಹೋಗಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿಸಿ, ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿ.ಮೀ. ಓಡಿದ ಬಳಿಕ ನಟ್ಟುಗಳ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಬೇಕು.